ಮುಂಬೈಯ ವಾಣಿಜ್ಯ ಕಟ್ಟಡಕ್ಕೆ ಹವಾನಿಯಂತ್ರಣ: ಜುಲೈ ತಿಂಗಳ ಲೆಕ್ಕ

ಮುಂಬೈಯಲ್ಲಿ ಹೊಸ ಕಟ್ಟಡ ಕಟ್ಟಿಸುವ ನಮ್ಮವರು, ಅಂದರೆ ಹೋಟೆಲ್ ಉದ್ಯಮಿಗಳು, ಸಹಕಾರಿ ಬ್ಯಾಂಕುಗಳ ನಿರ್ದೇಶಕರು, ಸಂಘಸಂಸ್ಥೆಗಳ ಪದಾಧಿಕಾರಿಗಳು, ಹವಾನಿಯಂತ್ರಣದ ಮಾತು ಬಂದಾಗ ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ: ಎಷ್ಟು ಟನ್ (ಯಂತ್ರದ ತಣಿಸುವ ಶಕ್ತಿಯ ಅಳತೆ) ಬೇಕು, ಯಾವ ಕಂಪನಿಯದು ಒಳ್ಳೆಯದು? ಉತ್ತರ ಕೊಡುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಜುಲೈ ತಿಂಗಳ ಮಳೆಯ ಸಂಜೆ, ಕಟ್ಟಡದ ಅರ್ಧ ಭಾಗ ಖಾಲಿಯಾಗಿರುವಾಗ, ಯಾವ ಮಹಡಿಯಲ್ಲಿ ಎಷ್ಟು ಜನ ಎಷ್ಟು ಹೊತ್ತಿನವರೆಗೆ ಇರುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಯಂತ್ರದ ಆಯ್ಕೆ ಬಹುಪಾಲು ಮುಗಿದಂತೆ. ಉತ್ತರ ಇಲ್ಲದೆಯೇ ಯಂತ್ರ ಕೊಂಡರೆ, ಎಷ್ಟು ದುಬಾರಿಯದಾದರೂ ಅದು ಆ ಕಟ್ಟಡಕ್ಕೆ ಹೊಂದುವುದು ಅನುಮಾನ.

ಸದ್ಯ ನನ್ನ ಮೇಜಿನ ಮೇಲಿರುವುದು ಅಂಧೇರಿ ಪೂರ್ವದ ಏಳು ಮಹಡಿಯ ಒಂದು ಕಟ್ಟಡದ ನಕ್ಷೆ. ತಳಮಹಡಿಯಲ್ಲಿ ಸಸ್ಯಾಹಾರಿ ಹೋಟೆಲ್, ಅದರ ಮೇಲೆ ಬ್ಯಾಂಕಿನ ಶಾಖೆ, ನಡುವೆ ಬಾಡಿಗೆಗೆ ಕೊಡುವ ಕಚೇರಿಗಳು, ಕೊನೆಯ ಮಹಡಿಯಲ್ಲಿ ಮುನ್ನೂರು ಜನ ಹಿಡಿಸುವ ಸಭಾಂಗಣ. ನಮ್ಮವರು ಈ ನಗರದಲ್ಲಿ ಕಟ್ಟಿಸುವ ಕಟ್ಟಡಗಳಲ್ಲಿ ಇಂಥ ಮಿಶ್ರಬಳಕೆ ಬಹಳ ಸಾಮಾನ್ಯವಾದ್ದರಿಂದ, ಇದನ್ನೇ ಮುಂದಿಟ್ಟುಕೊಂಡು ವಿಚಾರವನ್ನು ವಿವರಿಸುತ್ತೇನೆ.

ಮೊದಲು ಹವೆಯ ವಿಷಯ. ಮುಂಬೈಯ ಯಂತ್ರಗಳನ್ನು ಲೆಕ್ಕ ಹಾಕುವಾಗ ಎಂಜಿನಿಯರುಗಳು ಹೊರಗಿನ ಉಷ್ಣತೆ ಸುಮಾರು 35 ಡಿಗ್ರಿ, ವೆಟ್ ಬಲ್ಬ್ ಉಷ್ಣತೆ (ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ, ಗಾಳಿಯ ತೇವವನ್ನು ಸೂಚಿಸುವ ಉಷ್ಣತೆ) ಸುಮಾರು 28 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿಯುವುದು ರೂಢಿ. ಇದು ಬೇಸಿಗೆಯ ಲೆಕ್ಕ. ಜುಲೈಯಲ್ಲಿ ಉಷ್ಣತೆ ಮೂವತ್ತರ ಆಸುಪಾಸಿಗೆ ಇಳಿಯುತ್ತದೆ, ಸೂರ್ಯ ಮೋಡದ ಹಿಂದೆ ಸರಿಯುತ್ತಾನೆ, ಗಾಜಿನ ಮೂಲಕ ಒಳಬರುವ ಶಾಖ ಗಣನೀಯವಾಗಿ ಕಡಿಮೆಯಾಗುತ್ತದೆ. ಆದರೆ ಗಾಳಿಯಲ್ಲಿರುವ ನೀರಾವಿ ಕಡಿಮೆಯಾಗುವುದಿಲ್ಲ. 30 ಡಿಗ್ರಿ ಉಷ್ಣತೆ, ಶೇಕಡ 80ರ ಆರ್ದ್ರತೆಯಿರುವ ಒಂದು ಕಿಲೋ ಗಾಳಿಯಲ್ಲಿ ಇಪ್ಪತ್ತೊಂದು ಗ್ರಾಂಗೂ ಹೆಚ್ಚು ನೀರಿರುತ್ತದೆ. 24 ಡಿಗ್ರಿಯ ಹಿತವಾದ ಕೋಣೆಯ ಗಾಳಿಯಲ್ಲಿ ಇರಬೇಕಾದದ್ದು ಹತ್ತು ಗ್ರಾಂ ಚಿಲ್ಲರೆ. ಈ ವ್ಯತ್ಯಾಸದ ನೀರನ್ನು ಯಂತ್ರವೇ ತೆಗೆಯಬೇಕು. ಬರಿಯ ಉಷ್ಣತೆ ಇಳಿಸಿದರೆ ಸಾಲದು. ಗಾಳಿಯನ್ನು, ನೀರಾವಿ ಹನಿಗಟ್ಟುವ ಇಬ್ಬನಿ ಬಿಂದುವಿನ ಕೆಳಗೆ ತಣಿಸಿ, ನೀರಾವಿಯನ್ನು ನೀರಾಗಿಸಿ, ಆಗ ಬಿಡುಗಡೆಯಾಗುವ ಗುಪ್ತೋಷ್ಣವನ್ನೂ ಹೊರಹಾಕಬೇಕು.

ಇಲ್ಲಿಯೇ ಅತಿ ದೊಡ್ಡ ಯಂತ್ರದ ತೊಂದರೆ ತಲೆಯೆತ್ತುತ್ತದೆ. ನೂರೈವತ್ತು ಚದರಡಿಗೆ ಒಂದು ಟನ್ ಎಂಬ ಸ್ಥೂಲ ಲೆಕ್ಕದಿಂದ ಹೊರಟು, ವಾಸ್ತುಶಿಲ್ಪಿ ಸುರಕ್ಷತೆಗೆಂದು ಸ್ವಲ್ಪ ಸೇರಿಸಿ, ಸಲಹೆಗಾರ ಇನ್ನಷ್ಟು ಸೇರಿಸಿ, ಗುತ್ತಿಗೆದಾರ ತನ್ನ ಪಾಲಿನದನ್ನೂ ಸೇರಿಸಿದ ಮೇಲೆ ಬರುವ ಯಂತ್ರವು ಮೇ ತಿಂಗಳ ಮಧ್ಯಾಹ್ನಕ್ಕೂ ಹೆಚ್ಚಾಗಿರುತ್ತದೆ. ಜುಲೈಯಲ್ಲಿ ಅದು ಕೋಣೆಯನ್ನು ಕೆಲವೇ ನಿಮಿಷಗಳಲ್ಲಿ ತಣಿಸಿ ನಿಂತುಬಿಡುತ್ತದೆ. ಯಂತ್ರ ನಿಂತಾಗ ನೀರು ತೆಗೆಯುವ ಕೆಲಸವೂ ನಿಲ್ಲುತ್ತದೆ. ಗಾಳಿಯನ್ನು ತಣಿಸುವ ಕೊಳವೆಯ ಸುರುಳಿಯ ಮೇಲೆ ಕುಳಿತ ನೀರು ಫ್ಯಾನಿನ ಗಾಳಿಗೆ ಮತ್ತೆ ಆವಿಯಾಗಿ ಕೋಣೆಗೇ ಮರಳುತ್ತದೆ. ಒಳಗಿರುವವರಿಗೆ ಚಳಿಯೂ ಆಗುತ್ತದೆ, ಮೈ ಅಂಟಂಟೂ ಆಗುತ್ತದೆ. ಅಂಟು ಹೋಗಲೆಂದು ಅವರು ಉಷ್ಣತೆಯನ್ನು 20ಕ್ಕೆ ಇಳಿಸುತ್ತಾರೆ, ಗೋಡೆ ಇನ್ನಷ್ಟು ತಣ್ಣಗಾಗುತ್ತದೆ, ಆ ತಣ್ಣನೆಯ ಮೇಲ್ಮೈಗಳ ಮೇಲೆ ನೀರು ಮೂಡಿ ಕಡತಗಳಿಗೂ ಫಾಲ್ಸ್ ಸೀಲಿಂಗಿಗೂ ಬೂಷ್ಟು ಹಿಡಿಯುತ್ತದೆ. ಮುಂಬೈಯ ಎಷ್ಟೋ ಕಚೇರಿಗಳಲ್ಲಿ ಮಳೆಗಾಲದುದ್ದಕ್ಕೂ ಇರುವ ಆ ಮುಗ್ಗಲು ವಾಸನೆಗೆ ಮುಖ್ಯ ಕಾರಣ, ಯಂತ್ರಕ್ಕೆ ಶಕ್ತಿ ಸಾಲದಿರುವುದಲ್ಲ, ಬೇಕಾದುದಕ್ಕಿಂತ ಹೆಚ್ಚಿರುವುದು.

ಎರಡನೆಯದು ಹೊರಗಾಳಿ. ಜನರಿರುವಲ್ಲಿ ಶುದ್ಧಗಾಳಿ ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ತಗಲುವ ಟನ್ನುಗಳನ್ನು ಕಂಡಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಮೇಲೆ ಹೇಳಿದ ಜುಲೈ ತಿಂಗಳ ಗಾಳಿಯನ್ನು ಸೆಕೆಂಡಿಗೆ 100 ಲೀಟರಿನಂತೆ ಒಳತಂದು ಕೋಣೆಯ ಸ್ಥಿತಿಗೆ ಇಳಿಸಲು ಸುಮಾರು 4 ಕಿಲೋವ್ಯಾಟ್, ಅಂದರೆ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚಿನ ಶೈತ್ಯ ಬೇಕು. ಅಂಧೇರಿಯ ಸಭಾಂಗಣದಲ್ಲಿ ಮುನ್ನೂರು ಜನ ತುಂಬಿದ ಮದುವೆಯ ಆರತಕ್ಷತೆಯನ್ನು ಊಹಿಸಿಕೊಳ್ಳಿ. ತಲೆಗೆ ಸೆಕೆಂಡಿಗೆ 7 ಲೀಟರ್ ಹೊರಗಾಳಿ ಕೊಟ್ಟರೆ ಒಟ್ಟು 2,100 ಲೀಟರ್, ಅದಕ್ಕೆ ಸುಮಾರು 24 ಟನ್. ಕುಳಿತ ಮನುಷ್ಯನ ದೇಹದಿಂದ ಹೊರಬರುವ ಶಾಖ ಸುಮಾರು 120 ವ್ಯಾಟ್ ಎಂದರೆ ಮುನ್ನೂರು ಜನರದು 36 ಕಿಲೋವ್ಯಾಟ್, ಅಂದರೆ 10 ಟನ್ ಮಾತ್ರ. ಅತಿಥಿಗಳಿಗಿಂತ ಅವರು ಉಸಿರಾಡುವ ಗಾಳಿಯ ಹೊರೆ ಎರಡು ಪಟ್ಟಿಗೂ ಮಿಕ್ಕಿದ್ದು! ಆ ಗಾಳಿಯೊಂದರಿಂದಲೇ ಗಂಟೆಗೆ ಸುಮಾರು ನೂರು ಲೀಟರ್ ನೀರು ಹಿಂಡಿ ತೆಗೆಯಬೇಕು. ಈ ಕೆಲಸವನ್ನು ಛಾವಣಿಗೆ ತೂಗಿಬಿಟ್ಟ ಕ್ಯಾಸೆಟ್ ಯೂನಿಟ್ಟುಗಳಿಗೆ ಒಪ್ಪಿಸಿದರೆ ಅವು ಮಾಡಲಾರವು. ಅವುಗಳನ್ನು ರೂಪಿಸಿರುವುದು ಕೋಣೆಯೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣಿಸಲು.

ಆದ್ದರಿಂದ ಮುಂಬೈಯ ಯಾವುದೇ ವಾಣಿಜ್ಯ ಕಟ್ಟಡಕ್ಕೆ ನನ್ನ ಮೊದಲ ಶಿಫಾರಸು, ಹೊರಗಾಳಿಗೆ ಪ್ರತ್ಯೇಕ ಯಂತ್ರ. ಹೊರಗಾಳಿಯನ್ನು ಆಳವಾದ ಸುರುಳಿಯ ಮೂಲಕ ಹಾಯಿಸಿ, ಚೆನ್ನಾಗಿ ಒಣಗಿಸಿ, ಕೋಣೆಗಳಿಗೆ ಕಳುಹಿಸಿದರೆ ಒಳಗಿನ ಯೂನಿಟ್ಟುಗಳಿಗೆ ಉಷ್ಣತೆ ಇಳಿಸುವ ಸುಲಭದ ಕೆಲಸವಷ್ಟೇ ಉಳಿಯುತ್ತದೆ. ಇದಕ್ಕೆ ಶಾಖ ಮರುಪಡೆಯುವ ಚಕ್ರವೊಂದನ್ನು ಜೋಡಿಸಿದರೆ, ಹೊರಹೋಗುವ ತಂಪು ಒಣಗಾಳಿಯು ಒಳಬರುವ ಗಾಳಿಯ ಶಾಖವನ್ನೂ ತೇವವನ್ನೂ ಸಾಕಷ್ಟು ಹೀರಿಕೊಂಡು ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸಾರ್ ಇಟ್ಟರೆ ಸಭಾಂಗಣದಲ್ಲಿ ಐವತ್ತೇ ಜನರಿರುವ ದಿನ ಐವತ್ತೇ ಜನರ ಗಾಳಿ ಒಳಬರುತ್ತದೆ. ಬಜೆಟ್ ಬಿಗಿಯಾದರೆ ಅಮೃತಶಿಲೆಯ ನೆಲವನ್ನಾದರೂ ಬಿಡಿ, ಇದನ್ನು ಬಿಡಬೇಡಿ ಎಂದು ಮಾಲೀಕರಲ್ಲಿ ನಾನು ನೇರವಾಗಿಯೇ ಹೇಳುತ್ತೇನೆ.

ತಳಮಹಡಿಯ ಹೋಟೆಲಿನದು ಬೇರೆಯೇ ಕತೆ. ದೋಸೆಕಾವಲಿಯ ಮೇಲಿನ ಎಕ್ಸಾಸ್ಟ್ ಫ್ಯಾನ್ ಎಷ್ಟು ಗಾಳಿಯನ್ನು ಹೊರಗೆಳೆಯುತ್ತದೆಯೋ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಬರಲೇಬೇಕು. ಅಡುಗೆಮನೆಗೆ ನೇರವಾಗಿ ಗಾಳಿ ತುಂಬುವ ವ್ಯವಸ್ಥೆ ಇಲ್ಲದಿದ್ದರೆ ಅದು ಊಟದ ಕೋಣೆಯ ತಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ, ಊಟದ ಕೋಣೆ ಬಾಗಿಲಿನಿಂದ ರಸ್ತೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಊಟದ ಕೋಣೆ ತಣ್ಣಗಾಗುವುದಿಲ್ಲವೆಂದು ಮಾಲೀಕರು ಇನ್ನೂ ಎರಡು ಏಸಿ ಹಾಕಿಸುತ್ತಾರೆ. ಆ ತಂಪೂ ಚಿಮಣಿಯಲ್ಲೇ ಹೋಗುತ್ತದೆ. ಅಡುಗೆಮನೆಗೆ ಎಕ್ಸಾಸ್ಟಿನ ಬಹುಪಾಲನ್ನು ತುಂಬಿಕೊಡುವ ಹೊರಗಾಳಿಯ ಫ್ಯಾನ್ ಹಾಕಿ, ಉಳಿದ ಅಲ್ಪಭಾಗ ಮಾತ್ರ ಊಟದ ಕೋಣೆಯಿಂದ ಹರಿಯುವಂತೆ ಮಾಡಿದರೆ, ಒಗ್ಗರಣೆಯ ಹೊಗೆ ಗಿರಾಕಿಗಳ ಮೇಜಿಗೆ ಬರುವುದಿಲ್ಲ, ತಂಪೂ ಉಳಿಯುತ್ತದೆ. ಕಟ್ಟಡದ ಬೇರಾವ ಯಂತ್ರಕ್ಕಿಂತಲೂ ಬೇಗ ತನ್ನ ಹಣವನ್ನು ಹಿಂದಿರುಗಿಸುವುದು ಈ ಒಂದು ಫ್ಯಾನ್.

ಇಷ್ಟಾದ ಮೇಲೆ, ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: ವಿಆರ್‌ಎಫ್ ಹಾಕಿಸಬೇಕೆ, ಚಿಲ್ಲರ್ ಹಾಕಿಸಬೇಕೆ? ವಿಆರ್‌ಎಫ್‌ನಲ್ಲಿ ಹೊರಗಿನ ಒಂದು ಯೂನಿಟ್ಟಿನಿಂದ ತಾಮ್ರದ ಕೊಳವೆಗಳ ಮೂಲಕ ಶೀತಕವೇ (ತಣಿಸುವ ಅನಿಲ) ಹಲವು ಕೋಣೆಗಳಿಗೆ ಹರಿಯುತ್ತದೆ. ಅಗತ್ಯಕ್ಕೆ ತಕ್ಕಂತೆ ಕಂಪ್ರೆಸರಿನ ವೇಗ ಬದಲಾಗುತ್ತದೆ. ಜಪಾನಿನ ಡೈಕಿನ್ ಕಂಪನಿ 1982ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಚಿಲ್ಲರ್ ನೀರನ್ನು ತಣಿಸಿ ಆ ನೀರನ್ನು ಮಹಡಿಗಳಿಗೆ ಕಳುಹಿಸುತ್ತದೆ. ಚಿಲ್ಲರಿನಲ್ಲಿ ಎರಡು ಬಗೆ: ಶಾಖವನ್ನು ಗಾಳಿಗೆ ಬಿಡುವುದು ಒಂದು, ಕೂಲಿಂಗ್ ಟವರಿನ (ನೀರನ್ನು ಗಾಳಿಗೆ ಒಡ್ಡಿ ತಣಿಸುವ ಗೋಪುರದ) ನೀರಿಗೆ ಬಿಡುವುದು ಇನ್ನೊಂದು. ಒಂದು ಟನ್ ಶೈತ್ಯಕ್ಕೆ ನೀರಿನ ಸ್ಕ್ರೂ ಚಿಲ್ಲರ್ ಸುಮಾರು 0.65ರಿಂದ 0.75 ಕಿಲೋವ್ಯಾಟ್ ವಿದ್ಯುತ್ ಬಳಸಿದರೆ, ಗಾಳಿಯ ಚಿಲ್ಲರ್ ಸುಮಾರು 1.1ರಿಂದ 1.3, ವಿಆರ್‌ಎಫ್ ಇವೆರಡರ ನಡುವೆ ಒಂದರ ಆಸುಪಾಸು ಬಳಸುತ್ತದೆ. ಈ ಅಂಕಿಗಳನ್ನು ನೋಡಿದವರು ನೀರಿನ ಚಿಲ್ಲರೇ ಸರಿಯೆಂದು ಕೂಡಲೇ ತೀರ್ಮಾನಿಸುತ್ತಾರೆ. ಆದರೆ ನೀರಿನ ಚಿಲ್ಲರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದರ ಪಂಪುಗಳು ಮತ್ತು ಟವರಿನ ಫ್ಯಾನ್ ಸೇರಿಸಿದರೆ ಟನ್ನಿಗೆ ಇನ್ನೂ 0.15ರಿಂದ 0.2 ಕಿಲೋವ್ಯಾಟ್ ಕೂಡುತ್ತದೆ.

ಅಂಧೇರಿಯ ಕಟ್ಟಡದ ಗರಿಷ್ಠ ಹೊರೆ ಸುಮಾರು 150 ಟನ್. ವರ್ಷಕ್ಕೆ 3,000 ಗಂಟೆ, ಸರಾಸರಿ ಅರ್ಧ ಹೊರೆಯಲ್ಲಿ ನಡೆಯುತ್ತದೆಂದರೆ 2,25,000 ಟನ್-ಗಂಟೆ. ನೀರಿನ ಚಿಲ್ಲರ್ ವ್ಯವಸ್ಥೆಯು ವಿಆರ್‌ಎಫ್‌ಗಿಂತ ಟನ್ನಿಗೆ 0.2 ಕಿಲೋವ್ಯಾಟ್ ಉಳಿಸಿದರೆ ಉಳಿತಾಯ 45,000 ಯೂನಿಟ್ ವಿದ್ಯುತ್. ಯೂನಿಟ್ಟಿಗೆ 12 ರೂಪಾಯಿ ಎಂದಿಟ್ಟುಕೊಂಡರೆ 5.4 ಲಕ್ಷ ರೂಪಾಯಿ. ಇನ್ನು ನೀರಿನ ಲೆಕ್ಕ. ಒಂದು ಟನ್ನಿನ ಶಾಖವನ್ನು ಹೊರಬಿಡಲು ಟವರಿನಿಂದ ಗಂಟೆಗೆ ಸುಮಾರು 6 ಲೀಟರ್ ನೀರು ಆವಿಯಾಗುತ್ತದೆ; ಲವಣಗಳು ಗಟ್ಟಿಯಾಗದಂತೆ ಆಗಾಗ ಹೊರಬಿಡಬೇಕಾದ ನೀರನ್ನೂ ಸೇರಿಸಿದರೆ 8 ಲೀಟರ್. ವರ್ಷಕ್ಕೆ 18 ಲಕ್ಷ ಲೀಟರ್, ಅಂದರೆ 10,000 ಲೀಟರಿನ 180 ಟ್ಯಾಂಕರ್. ಟ್ಯಾಂಕರಿಗೆ 2,000 ರೂಪಾಯಿ ಎಂದರೂ 3.6 ಲಕ್ಷ. ನೀರಿನ ಸಂಸ್ಕರಣೆಯ ರಾಸಾಯನಿಕಗಳು ಮತ್ತು ಸ್ಥಾವರ ನೋಡಿಕೊಳ್ಳುವ ಆಪರೇಟರನ ಸಂಬಳ ಸೇರಿದರೆ ಉಳಿತಾಯ ಕರಗಿಹೋಗುತ್ತದೆ. ಮೇಲಾಗಿ, ಈ ನಗರಕ್ಕೆ ನೀರುಣಿಸುವ ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಏಳು ಜಲಾಶಯಗಳ ಮಟ್ಟ ಮುಂಗಾರು ತಡವಾದ ವರ್ಷಗಳಲ್ಲಿ ಇಳಿದು ನೀರಿನ ಕಡಿತ ಜಾರಿಗೆ ಬರುವುದು ಜೂನ್ ತಿಂಗಳ ಸುಮಾರಿಗೇ, ಅಂದರೆ ಸೆಕೆ ಇನ್ನೂ ತಗ್ಗದ ಹೊತ್ತಿನಲ್ಲಿ. ಕುಡಿಯುವ ನೀರಿಗೆ ಜನ ಕಾಯುತ್ತಿರುವಾಗ ಟವರಿಗೆ ಟ್ಯಾಂಕರ್ ತರಿಸುವುದು ನನಗೆ ಸರಿಯೆನಿಸುವುದಿಲ್ಲ.

ನೀರಿನ ಚಿಲ್ಲರನ್ನು ನಾನು ವಿರೋಧಿಸುತ್ತೇನೆಂದು ಇದರರ್ಥವಲ್ಲ. ಮುನ್ನೂರು, ನಾನ್ನೂರು ಟನ್ ಮೀರಿದ, ಒಬ್ಬರೇ ಮಾಲೀಕರಿರುವ, ದಿನವಿಡೀ ನಡೆಯುವ ಆಸ್ಪತ್ರೆ, ದೊಡ್ಡ ಹೋಟೆಲ್, ಮಾಲ್‌ಗಳಲ್ಲಿ, ತಮ್ಮದೇ ಕೊಳಚೆ ನೀರನ್ನು ಸಂಸ್ಕರಿಸಿ ಟವರಿಗೆ ಬಳಸುವ ಕಡೆ ಅದೇ ಸರಿಯಾದ ಆಯ್ಕೆ. ಅಲ್ಲಿ ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ, ಟವರನ್ನು ಶುಚಿಯಾಗಿಡುತ್ತಾರೆ. ಶುಚಿಯಿಲ್ಲದ ಟವರಿನ ನೀರಿನಲ್ಲಿ ಬೆಳೆದು ತುಂತುರಿನೊಡನೆ ಹರಡಬಲ್ಲ ಲೆಜಿಯೊನೆಲ್ಲಾ ಬ್ಯಾಕ್ಟೀರಿಯ ಸಾಮಾನ್ಯದ್ದಲ್ಲ. 1976ರಲ್ಲಿ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ಸೇರಿದ್ದವರ ಪ್ರಾಣಕ್ಕೆ ಎರವಾದ ಮೇಲೆಯೇ ಜಗತ್ತು ಅದನ್ನು ಗುರುತಿಸಿದ್ದು. ನಿಗಾ ಇಡುವ ಮನುಷ್ಯನಿಲ್ಲದ ಕಡೆ ಕೂಲಿಂಗ್ ಟವರ್ ಇಡಬಾರದೆಂಬುದು ನನ್ನ ನಿಲುವು.

ಅಂಧೇರಿಯ ಕಟ್ಟಡದಲ್ಲಿ ಇನ್ನೊಂದು ಕಾರಣವೂ ಇದೆ. ಹೋಟೆಲ್ ಬೆಳಿಗ್ಗೆ ಏಳಕ್ಕೆ ತೆರೆದು ರಾತ್ರಿ ಹನ್ನೊಂದರ ನಂತರ ಮುಚ್ಚುತ್ತದೆ, ಬ್ಯಾಂಕ್ ಸಂಜೆ ಆರಕ್ಕೆ ಮುಗಿಯುತ್ತದೆ, ಸಭಾಂಗಣದ ಕೆಲಸ ಆರಂಭವಾಗುವುದೇ ಆಮೇಲೆ. ಎಲ್ಲಕ್ಕೂ ಒಂದೇ ಚಿಲ್ಲರ್ ಇಟ್ಟರೆ ರಾತ್ರಿ ಹತ್ತೂವರೆಗೆ ಹೋಟೆಲಿನ ಹತ್ತು ಹದಿನೈದು ಟನ್ನಿಗಾಗಿ ದೊಡ್ಡ ಪಂಪು, ಟವರು, ಚಿಲ್ಲರು ಎಲ್ಲವೂ ನಡೆಯಬೇಕು. ಹಾಗಾಗಿ ಅಲ್ಲಿ ನಾನು ಸೂಚಿಸಿರುವುದು, ಕಚೇರಿ ಮಹಡಿಗಳಿಗೆ ಮಹಡಿಗೊಂದರಂತೆ ವಿಆರ್‌ಎಫ್, ಬ್ಯಾಂಕಿಗೆ ಅದರದೇ ಪ್ರತ್ಯೇಕ ವ್ಯವಸ್ಥೆ, ಹೋಟೆಲಿಗೆ ಗಾಳಿನಾಳಗಳ ಮೂಲಕ ತಂಪು ಹರಡುವ ಡಕ್ಟ್ ಯೂನಿಟ್ಟುಗಳು, ಸಭಾಂಗಣಕ್ಕೆ ಆಳವಾದ ಸುರುಳಿಯುಳ್ಳ ಏರ್ ಹ್ಯಾಂಡ್ಲಿಂಗ್ ಯೂನಿಟ್ (ಗಾಳಿಯನ್ನು ತಣಿಸಿ, ಒಣಗಿಸಿ ಕಳುಹಿಸುವ ದೊಡ್ಡ ಪೆಟ್ಟಿಗೆ), ಇವೆಲ್ಲಕ್ಕೂ ಹೊರಗಾಳಿಯ ಪ್ರತ್ಯೇಕ ಯಂತ್ರಗಳು. ಬಾಡಿಗೆದಾರರ ವಿದ್ಯುತ್ ಮೀಟರುಗಳು ಬೇರೆಬೇರೆಯಾಗುವುದರಿಂದ ತಿಂಗಳ ಕೊನೆಯ ಜಗಳವೂ ತಪ್ಪುತ್ತದೆ, ಇದು ಸಣ್ಣ ಲಾಭವಲ್ಲ.

ವಿಆರ್‌ಎಫ್‌ನ ವಿಷಯದಲ್ಲೂ ಕಣ್ಣು ತೆರೆದಿರಬೇಕು. ಹೊರೆ ಕಡಿಮೆಯಾದಾಗ ವಿದ್ಯುತ್ ಉಳಿಸಲು ಹಲವು ಯಂತ್ರಗಳು ಸುರುಳಿಯ ಉಷ್ಣತೆಯನ್ನು ತಾವೇ ಏರಿಸುತ್ತವೆ. ಒಣಹವೆಯ ನಾಡಿನಲ್ಲಿ ಇದು ಒಳ್ಳೆಯ ಗುಣ. ಮುಂಬೈಯ ಜುಲೈಯಲ್ಲಿ ಸುರುಳಿ ಬೆಚ್ಚಗಾದಷ್ಟೂ ನೀರು ತೆಗೆಯುವ ಶಕ್ತಿ ಕುಗ್ಗುತ್ತದೆ. ಹೊರಗಾಳಿಯನ್ನು ಬೇರೆಯಾಗಿ ಒಣಗಿಸಿರದ ಕಡೆ ಈ ಉಳಿತಾಯದ ಬೆಲೆಯನ್ನು ಮತ್ತೆ ಬೂಷ್ಟಿನ ರೂಪದಲ್ಲಿ ತೆರಬೇಕಾಗುತ್ತದೆ.

ಚಿಲ್ಲರ್ ಕೊಳ್ಳುವವರಿಗೂ ಇಂಥದೇ ಒಂದು ಎಚ್ಚರಿಕೆ ಹೇಳಬೇಕು. ಮಾರಾಟದ ಕಾಗದಗಳಲ್ಲಿ ಐಪಿಎಲ್‌ವಿ ಎಂಬ ಆಕರ್ಷಕ ಅಂಕಿ ಇರುತ್ತದೆ. ಭಾಗಶಃ ಹೊರೆಯಲ್ಲಿ ಯಂತ್ರದ ದಕ್ಷತೆಯನ್ನು ಸೂಚಿಸುವ ಈ ಅಮೆರಿಕನ್ ಮಾನದಂಡವು, ಹೊರೆ ಅರ್ಧಕ್ಕಿಳಿದಾಗ ಟವರಿನಿಂದ ಬರುವ ನೀರು 18.3 ಡಿಗ್ರಿಗೆ ತಣಿದಿರುತ್ತದೆಂದು ಭಾವಿಸುತ್ತದೆ. ಟವರಿನ ನೀರು ಎಂದಿಗೂ ಹೊರಗಿನ ವೆಟ್ ಬಲ್ಬ್ ಉಷ್ಣತೆಗಿಂತ ಕೆಳಗಿಳಿಯಲಾರದು. ಸಾಮಾನ್ಯವಾಗಿ ಮೂರು ನಾಲ್ಕು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಮುಂಬೈಯ ಮಳೆಗಾಲದಲ್ಲಿ ವೆಟ್ ಬಲ್ಬ್ 25, 26ರ ಕೆಳಗಿಳಿಯುವುದೇ ಅಪರೂಪವಾಗಿರುವಾಗ 18 ಡಿಗ್ರಿಯ ನೀರು ಎಲ್ಲಿಂದ ಬರಬೇಕು? ಪೂರ್ಣ ಹೊರೆಯಲ್ಲಿ 32 ಡಿಗ್ರಿ, ಅರ್ಧ ಹೊರೆಯಲ್ಲಿ 29 ಡಿಗ್ರಿ ನೀರು ಬಂದಾಗ ಯಂತ್ರ ಎಷ್ಟು ವಿದ್ಯುತ್ ಬಳಸುತ್ತದೆಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಎರಡು ಕಂಪನಿಗಳ ಶ್ರೇಯಾಂಕ ಆ ಕಾಗದದಲ್ಲಿ ತಲೆಕೆಳಗಾಗುವುದುಂಟು.

ಪುಣೆಯಲ್ಲಿ ಇದೇ ಕಟ್ಟಡವಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಘಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಆ ನಗರದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 40 ಡಿಗ್ರಿ ಸಮೀಪಿಸಿದರೂ ಗಾಳಿ ಒಣಗಿರುತ್ತದೆ, ರಾತ್ರಿ ತಂಪಾಗುತ್ತದೆ. ಅಲ್ಲಿ ನೀರನ್ನು ಆವಿಯಾಗಿಸಿ ಗಾಳಿಯನ್ನು ತಣಿಸುವ ಯಂತ್ರಗಳು ಬೇಸಿಗೆಯಲ್ಲಿ ಹೊರಗಾಳಿಯ ಹೊರೆಯನ್ನು ಬಹಳ ಕಡಿಮೆ ಖರ್ಚಿನಲ್ಲಿ ಹೊರಬಲ್ಲವು, ಚಳಿಗಾಲದ ಬೆಳಗಿನ ಹೊತ್ತು ಬರಿಯ ಹೊರಗಾಳಿಯೇ ಸಾಕಾಗುತ್ತದೆ. ಪುಣೆಯ ಹಿಂಜವಾಡಿಯಲ್ಲಿ ಚೆನ್ನಾಗಿ ನಡೆದ ವಿನ್ಯಾಸವನ್ನು ಅಂಧೇರಿಗೆ ಹಾಗೆಯೇ ತರುವುದು ಸಲ್ಲದು. ಗೋವಾದ ಹೋಟೆಲುಗಳಲ್ಲಿ ತೇವದ ಲೆಕ್ಕ ಮುಂಬೈಯದೇ, ಜೊತೆಗೆ ಸ್ನಾನದ ಬಿಸಿನೀರಿನ ಅಗತ್ಯ ದೊಡ್ಡದು. ಏಸಿ ಹೊರಗೆಸೆಯುವ ಶಾಖದಿಂದಲೇ ನೀರು ಕಾಯಿಸುವ ವ್ಯವಸ್ಥೆಯನ್ನು ಅಲ್ಲಿ ಮೊದಲ ದಿನವೇ ಸೇರಿಸಿಕೊಳ್ಳಬೇಕು.

ಯಂತ್ರವನ್ನು ಎಲ್ಲಿಡಬೇಕೆಂಬುದು ಯಾವ ಯಂತ್ರವೆಂಬಷ್ಟೇ ಮುಖ್ಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಈ ನಗರದಲ್ಲಿದ್ದ ಯಾರೂ ಮರೆತಿರಲಾರರು. ನೆಲಮಾಳಿಗೆಯಲ್ಲಿ ಪಂಪು, ಪ್ಯಾನೆಲ್ ಇಡಲು ಈಗಲೂ ನಕ್ಷೆ ತರುವವರಿಗೆ ನಾನು ಆ ದಿನವನ್ನು ನೆನಪಿಸುತ್ತೇನೆ. ತಾರಸಿಯ ಮೇಲಿಟ್ಟರೆ ಸಮುದ್ರದ ಉಪ್ಪುಗಾಳಿ ಅಲ್ಯೂಮಿನಿಯಂ ರೆಕ್ಕೆಗಳನ್ನು ಪುಡಿ ಮಾಡುತ್ತದೆ. ವರ್ಲಿ, ಬಾಂದ್ರಾ, ಪಣಜಿಯ ಕಡಲಂಚಿನಲ್ಲಿ ಕಾರ್ಖಾನೆಯಲ್ಲೇ ರಕ್ಷಣಾಲೇಪ ಹಾಕಿದ ಸುರುಳಿಗಳನ್ನೇ ಕೊಳ್ಳಬೇಕು. ಮೀಠೀ ನದಿಯಂಥ ಕೊಳಚೆ ಹರಿಯುವ ನಾಲೆಗಳ ಬದಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲವು ಒಳಗಿನ ತಾಮ್ರದ ಸುರುಳಿಯನ್ನೂ ಕಪ್ಪಾಗಿಸಿ ತೂತು ಮಾಡುತ್ತದೆ.

ಹೊರಯೂನಿಟ್ಟುಗಳನ್ನು ಮಹಡಿಮಹಡಿಯಲ್ಲೂ ಕಿರಿದಾದ ಶಾಫ್ಟಿನೊಳಗೆ ಒಂದರ ಮೇಲೊಂದು ಇಡುವುದನ್ನು ಮುಂಬೈಯಲ್ಲಿ ಎಲ್ಲೆಲ್ಲೂ ಕಾಣುತ್ತೇವೆ. ಕೆಳಗಿನ ಯಂತ್ರ ಬಿಟ್ಟ ಬಿಸಿಗಾಳಿಯನ್ನೇ ಮೇಲಿನದು ಉಸಿರಾಡುವುದರಿಂದ ಕೊನೆಯ ಮಹಡಿಯ ಯಂತ್ರ 45 ಡಿಗ್ರಿಗೂ ಮೀರಿದ ಗಾಳಿಯಲ್ಲಿ ಏದುಸಿರು ಬಿಡುತ್ತದೆ. ಅದಕ್ಕಿಂತಲೂ ನನ್ನನ್ನು ಕಾಡುವುದು ಮೆಕ್ಯಾನಿಕನ ವಿಚಾರ. ನಿಲ್ಲಲು ಜಾಗವಿಲ್ಲದ ಗೋಡೆಯ ಅಂಚಿನಲ್ಲಿ, ಮಳೆಯಲ್ಲಿ ಜಾರುವ ಕಬ್ಬಿಣದ ಕಟ್ಟಿನ ಮೇಲೆ ಕಾಲಿಟ್ಟು, ಸೊಂಟಕ್ಕೊಂದು ಹಗ್ಗವೂ ಇಲ್ಲದೆ ಹುಡುಗರು ಅನಿಲ ತುಂಬುವುದನ್ನು ನೋಡುವಾಗ ಎದೆ ನಡುಗುತ್ತದೆ. ಮೂರಡಿ ಅಗಲದ ಗ್ರೇಟಿಂಗ್ (ನಿಲ್ಲಲು ಕಬ್ಬಿಣದ ಜಾಲರಿ) ಮತ್ತು ಕಟಕಟೆ ಇಲ್ಲದ ಕಡೆ ಹೊರಯೂನಿಟ್ ಇಡುವ ನಕ್ಷೆಗೆ ನಾನು ಸಹಿ ಹಾಕುವುದಿಲ್ಲ.

ಶೀತಕದ ಬಗ್ಗೆಯೂ ಯೋಚಿಸಲೇಬೇಕು. ಹಳೆಯ ಏಸಿಗಳಲ್ಲಿ ಬಳಸುತ್ತಿದ್ದ ಆರ್-22 ಅನಿಲದ ಕಾಲ ಮುಗಿಯಿತು. ಭೂತಾಪ ಏರಿಸುವ ಶೀತಕಗಳನ್ನು ತಗ್ಗಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯಂತೆ ಭಾರತದಲ್ಲಿ ಎಚ್‌ಎಫ್‌ಸಿ ಶೀತಕಗಳ ಬಳಕೆ 2028ರಲ್ಲಿ ಮಿತಿಗೊಳಪಟ್ಟು 2032ರಿಂದ ಹಂತಹಂತವಾಗಿ ಇಳಿಯಬೇಕು. ಇಂದು ಕೊಳ್ಳುವ ಯಂತ್ರ ಆಗಲೂ ನಡೆಯುತ್ತಿರುತ್ತದೆ. ಈ ಗುಂಪಿನ ಆರ್-410ಎ ಅನಿಲದ ಭೂತಾಪ ಏರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ 2,088 ಪಟ್ಟು, ಆರ್-32ರದು 675 ಪಟ್ಟು. ಎರಡನೆಯದು ಸ್ವಲ್ಪಮಟ್ಟಿಗೆ ಉರಿಯುವ ಗುಣದ್ದಾದ್ದರಿಂದ ಸಣ್ಣ ಮುಚ್ಚಿದ ಕೋಣೆಗಳಲ್ಲಿ ಸೋರಿಕೆಯ ಸೆನ್ಸಾರ್ ಬೇಕು. ಬೆಲೆ ಹತ್ತಿರವಿದ್ದರೆ ಆರ್-32ರ ಯಂತ್ರವನ್ನೇ ಆರಿಸಿ.

ಟೆಂಡರಿನಲ್ಲಿ ನಾನು ತಪ್ಪದೆ ಸೇರಿಸುವ ಒಂದು ಷರತ್ತನ್ನು ಇಲ್ಲಿ ದಾಖಲಿಸುತ್ತೇನೆ. ಗುತ್ತಿಗೆಯ ಮೊತ್ತದಲ್ಲಿ ಶೇಕಡ 10ನ್ನು ಮೊದಲ ಮಳೆಗಾಲ ಮುಗಿಯುವವರೆಗೆ ತಡೆಹಿಡಿಯಬೇಕು. ಜುಲೈ ತಿಂಗಳಲ್ಲಿ, ಹೊರಗಾಳಿಯ ಫ್ಯಾನುಗಳು ಪೂರ್ತಿ ನಡೆಯುತ್ತಿರುವಾಗ, ಪ್ರತಿ ಮಹಡಿಯಲ್ಲೂ ಒಂದು ವಾರ ಉಷ್ಣತೆ ಮತ್ತು ಆರ್ದ್ರತೆಯನ್ನು ದಾಖಲಿಸುವ ಸಣ್ಣ ಉಪಕರಣ ಇಟ್ಟು, 25 ಡಿಗ್ರಿಯಲ್ಲಿ ಆರ್ದ್ರತೆ ಶೇಕಡ 60 ಮೀರದಿದ್ದರೆ ಮಾತ್ರ ಆ ಹಣ ಬಿಡುಗಡೆ. ಈ ಷರತ್ತನ್ನು ಓದಿದೊಡನೆ ಕೆಲವು ಗುತ್ತಿಗೆದಾರರು ಟೆಂಡರಿನಿಂದ ಹಿಂದೆ ಸರಿಯುತ್ತಾರೆ. ಉಳಿದವರು ಹೊರಗಾಳಿಯ ಲೆಕ್ಕವನ್ನು ಮತ್ತೊಮ್ಮೆ ಮಾಡಿಕೊಂಡು ಬರುತ್ತಾರೆ. ಬೆಲೆಯ ಮಾತುಕತೆ ನಾನು ಆರಂಭಿಸುವುದು ಅವರೊಡನೆ.